ಅಜ್ಜನ ಊರಿನ ಹಕ್ಕಿ

ಡಿಗ್ರಿ ಮುಗಿಸಿ ಹುಣಸೂರಿನ ಮನೆಯಲ್ಲಿ ಖಾಲಿ ಕುಳಿತಿದ್ದ ನನ್ನನ್ನು ಜನವರಿಯಲ್ಲಿ ಬೈಲಕುಪ್ಪೆಯ ಟಿಬೆಟನ್ ಗೆಳೆಯ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಎಳೆದೊಯ್ದ. ಜೊತೆಗೆ ಅವನ ಅಜ್ಜನೂ ಬಂದಿದ್ದರು. ದಡದಲ್ಲಿ ನೂರಾರು ಪಟ್ಟೆತಲೆ ಹೆಬ್ಬಾತುಗಳು! ಬಿಳಿ ತಲೆಗೆ ಎರಡು ಕಪ್ಪು ಪಟ್ಟೆ.

ಮಂಗೋಲಿಯಾ, ಟಿಬೆಟ್‌ನ ಸರೋವರಗಳು ಹೆಪ್ಪುಗಟ್ಟುವ ಮುನ್ನವೇ ಹೊರಟು ಹಿಮಾಲಯ ದಾಟಿ ಬರುತ್ತವೆ ಇವು. 7,000 ಮೀಟರ್‌ಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಂಥ ತೆಳುಗಾಳಿಯಲ್ಲಿ ನಮಗೆ ನಾಲ್ಕು ಹೆಜ್ಜೆ ಇಡುವುದೂ ಕಷ್ಟ. ಇವುಗಳ ರಕ್ತದ ಹಿಮೋಗ್ಲೋಬಿನ್ ಮಾತ್ರ ಸಿಕ್ಕಷ್ಟು ಆಮ್ಲಜನಕವನ್ನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

‘ನಮ್ಮೂರಿನವು’ ಎಂದರು ಅಜ್ಜ, ಪಿರಿಯಾಪಟ್ಟಣದ ಕನ್ನಡದಲ್ಲೇ. ಬಾಲ್ಯದಲ್ಲಿ ಅವರೂ ಅದೇ ಹಿಮಾಲಯ ದಾಟಿದವರು, ನಡೆದುಕೊಂಡು.

‘ಮಾರ್ಚ್ ಹೊತ್ತಿಗೆ ವಾಪಸ್ ಹೋಗ್ತವೆ ಅಜ್ಜ’ ಎಂದೆ.

ಅವರು ಇನ್ನೊಮ್ಮೆ ಬೈನಾಕ್ಯುಲರ್ ಕೇಳಿದರು.