ಕಡಲಾಚೆಯ ಡಿಕ್ರಿಯೂ ನಮ್ಮೂರ ವಕೀಲರೂ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ—ಈ ಸೀಮೆಯ ಗೃಹಸ್ಥರು ಹಿಂದೆ ವಕೀಲರ ಮನೆಯ ಮೆಟ್ಟಿಲು ಹತ್ತುತ್ತಿದ್ದುದು ಬಹುಮಟ್ಟಿಗೆ ಹೊಲದ ಬದುವಿಗಾಗಿ, ಬಾವಿಯ ನೀರಿಗಾಗಿ, ಅಣ್ಣತಮ್ಮಂದಿರ ಪಾಲಿಗಾಗಿ. ಈಗಲಾದರೋ ಮಕ್ಕಳು ಅಮೆರಿಕಾದವರೆಗೆ ಹೋಗಿ ನೆಲೆಸುತ್ತಿರುವುದರಿಂದ, ಊರ ಛತ್ರದಲ್ಲಿ ನಡೆದ ವಿವಾಹವು ಸಾಗರದಾಚೆಯ ನ್ಯಾಯಾಲಯದಲ್ಲಿ ಮುರಿಯತಕ್ಕ ಪ್ರಸಂಗಗಳೂ ಒದಗುತ್ತಿವೆ. ಇಂತಹ ಸಮಯದಲ್ಲಿ ನಂಬತಕ್ಕ ವಕೀಲರು ಏನನ್ನು ಕಲಿತವರಾಗಿರಬೇಕೆಂಬುದನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿತು.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಯೊಬ್ಬರ ಮಗಳು ಪತಿಯೊಡನೆ ಅಮೆರಿಕಾಕ್ಕೆ ಹೋಗಿ, ಎರಡು ವರ್ಷಗಳ ತರುವಾಯ ನಾಲ್ಕು ದಿನವಿದ್ದು ಬರುವೆನೆಂದು ತವರಿಗೆ ಬಂದಿರುವಳು. ಹಿಂದಿರುಗಲು ಟಿಕೆಟ್ಟು ಬಾರದು. ಬರುವುದು ಅಲ್ಲಿನ ನ್ಯಾಯಾಲಯದ ಲಕೋಟೆ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ ಕಳುಹಿಸಿದರೆ ಮಾನವಾಗಿ ಮುಗಿಯುವುದೆಂದು ನೆಂಟರ ಬುದ್ಧಿವಾದ. ಆ ಸಹಿಯಿಂದ ಅವಳು ಕಳೆದುಕೊಳ್ಳುವುದೇನೆಂಬುದು ನೆಂಟರಿಗೆ ತಿಳಿಯದು.

ತಿರುಪತಿಯಲ್ಲಿ 1975ರಲ್ಲಿ ಲಗ್ನವಾದ ದಂಪತಿಗಳ ವ್ಯಾಜ್ಯವೊಂದನ್ನು ಇಲ್ಲಿ ನೆನೆಯಬೇಕು. ಪತಿಯು ಅಮೆರಿಕಾದ ಮಿಸ್ಸೌರಿ ಸಂಸ್ಥಾನದಲ್ಲಿ, ದಾಂಪತ್ಯವು ಸರಿಪಡಿಸಲಾರದಷ್ಟು ಮುರಿದಿದೆಯೆಂಬ ಕಾರಣದ ಮೇಲೆ ಡಿಕ್ರಿ ಪಡೆದು, 1981ರಲ್ಲಿ ಮತ್ತೊಂದು ಮದುವೆಯಾದನು. ಮೊದಲ ಹೆಂಡತಿ ಅಲ್ಲಿಗೆ ಹೋಗಿರಲಿಲ್ಲ; ಆಕ್ಷೇಪಣೆಯೊಡನೆ ಉತ್ತರವನ್ನು ಮಾತ್ರ ಕಳುಹಿಸಿದ್ದಳು. ಇಲ್ಲಿ ಅವಳು ದೂರು ಕೊಡಲು, ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಆ ಕಾರಣಕ್ಕೆ ಹಿಂದೂ ವಿವಾಹ ಕಾಯಿದೆಯಲ್ಲಿ ಎಡೆಯಿಲ್ಲ, ಹೆಂಡತಿಯು ತಾನಾಗಿ ಆ ನ್ಯಾಯಾಲಯದ ಅಧಿಕಾರಕ್ಕೆ ಒಳಪಟ್ಟವಳೂ ಅಲ್ಲ, ಆದುದರಿಂದ ಆ ಡಿಕ್ರಿಯು ಇಲ್ಲಿ ನಡೆಯದೆಂದು 1991ರ ಜುಲೈ 9ರಂದು ತೀರ್ಪಾಯಿತು. ಆದರೆ ಹೆಂಡತಿಯೇ ಒಪ್ಪಿಗೆಯಿತ್ತಲ್ಲಿ ಪರದೇಶದ ಡಿಕ್ರಿಯನ್ನು ಮನ್ನಿಸಬಹುದೆಂದು ಅದೇ ತೀರ್ಪು ಹೇಳುತ್ತದೆ. ನಮ್ಮ ಶಿಡ್ಲಘಟ್ಟದ ಮಗಳ ಸಹಿಯ ಬೆಲೆ ಇಷ್ಟು.

ಇದು ಕುಟುಂಬ ನ್ಯಾಯದ ಮಾತಾಯಿತು. ವಲಸೆಯ ಕಾಯಿದೆ ಬೇರೆ. ಎಚ್-1ಬಿ ಪರವಾನಗಿಯುಳ್ಳವನ ಹೆಂಡತಿಯಾಗಿ ಎಚ್-4 ವೀಸಾದ ಮೇಲೆ ಹೋದವಳಿಗೆ ವಿಚ್ಛೇದನವಾದೊಡನೆ ಆ ವೀಸಾದ ಆಧಾರವೇ ತಪ್ಪಿಹೋಗುತ್ತದೆ. ಮದುವೆಗೆ ಸಾಲ ಮಾಡಿಯಾದರೂ ಖರ್ಚು ಮಾಡುವ ನಾವು, ವರನ ವೀಸಾ ಯಾವ ಬಗೆಯದೆಂದು ಕೇಳಲು ಸಂಕೋಚಪಡುತ್ತೇವೆ! ಇನ್ನೊಂದು ತೊಡಕುಂಟು. ಅಮೆರಿಕಾದಲ್ಲಿ ವಲಸೆಯ ಕಾಯಿದೆ ದೇಶಕ್ಕೆಲ್ಲ ಒಂದೇ. ವಿಚ್ಛೇದನದ ಕಾಯಿದೆಯಾದರೋ ಸಂಸ್ಥಾನಕ್ಕೊಂದು. ಆದಕಾರಣ ಒಂದು ಸಂಸ್ಥಾನದ ಸನ್ನದು ಪಡೆದ ವಕೀಲರು ವಲಸೆಯ ಕೆಲಸವನ್ನು ಎಲ್ಲಿಯವರಿಗಾದರೂ ಮಾಡಿಕೊಡಬಹುದು. ಬೇರೊಂದು ಸಂಸ್ಥಾನದ ವಿಚ್ಛೇದನದಲ್ಲಿ ಹಾಗೆ ವಾದಿಸಲಾರರು.

ಇಲ್ಲಿ ಓದಿ ಅಲ್ಲಿ ಹೆಸರಾದವರಿಲ್ಲದಿಲ್ಲ. ಬೆಂಗಳೂರಿನಲ್ಲಿ ಕಾನೂನು ಕಲಿತ ಶೀಲಾ ಮೂರ್ತಿಯವರು 1987ರಲ್ಲಿ ಹಾರ್ವರ್ಡಿನಲ್ಲಿ ಮೇಲಣ ಪದವಿ ಪಡೆದು, 1994ರಲ್ಲಿ ಮೇರಿಲ್ಯಾಂಡಿನಲ್ಲಿ ವಲಸೆಯ ವ್ಯವಹಾರಕ್ಕೆಂದೇ ಕಚೇರಿ ತೆರೆದರು.

ಆದರೂ ನಮ್ಮ ಮಗಳಿಗೆ ಮೊದಲು ಬೇಕಾದವರು ಊರ ವಕೀಲರೇ. 2003ರ ತಿದ್ದುಪಡಿಯಂತೆ ಹೆಂಡತಿಯು ತಾನು ವಾಸವಾಗಿರುವ ಎಡೆಯಲ್ಲಿಯೇ ದಾವೆ ಹೂಡಬಹುದು; ಗಂಡನಿರುವ ಊರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಈ ಗಡಿಸೀಮೆಯಲ್ಲಿ ತಾಯಿ ತನ್ನ ಸಂಕಟವನ್ನು ತೆಲುಗಿನಲ್ಲಿ ಹೇಳುವಳು, ಮನೆಯ ಪತ್ರಗಳು ಕನ್ನಡದಲ್ಲಿರುವುವು, ಲಕೋಟೆಯೊಳಗಿನದು ಇಂಗ್ಲಿಷು. ಮೂರನ್ನೂ ಬಲ್ಲವರು, ಕಡಲಾಚೆಯ ವಕೀಲರೊಡನೆ ನೇರವಾಗಿ ವಿಚಾರಿಸಿಕೊಳ್ಳಬಲ್ಲವರು ಸಿಕ್ಕಿದರೆ ಅರ್ಧ ಭಾರ ಇಳಿದಂತೆ.

ಅವರ ಬಳಿಗೆ ಹೋಗುವಾಗ ಲಕೋಟೆಯ ಹೊದಿಕೆಯನ್ನೂ ಒಯ್ಯಿರಿ. ಅದು ಕೈಸೇರಿದ ದಿನವನ್ನು ಅದರ ಮೇಲೆಯೇ ಬರೆದಿಡಿರಿ. ಡಿಕ್ರಿಯ ನೆರಳಚ್ಚನ್ನು ತೋರಿಸಿ ಯಾರಾದರೂ ಹೆದರಿಸಿದರೆ, ನ್ಯಾಯಾಲಯವು ದೃಢೀಕರಿಸಿದ ಪ್ರತಿಯನ್ನು ಕೇಳಿರಿ. ತಿರುಪತಿಯ ಆ ವ್ಯಾಜ್ಯದಲ್ಲಿಯೂ ಪತಿಯು ಕೆಳಗಿನ ನ್ಯಾಯಾಲಯಕ್ಕೆ ತಂದಿದ್ದುದು ಬರಿಯ ನೆರಳಚ್ಚೇ. ಉಚ್ಚ ನ್ಯಾಯಾಲಯವು ಅದನ್ನು ಸಾಕ್ಷ್ಯವೆಂದು ಒಪ್ಪಲಿಲ್ಲ.