ಗಾಡಿಗೆ ತಕ್ಕ ಎತ್ತು, ಆಂಪ್ಲಿಫೈಯರಿಗೆ ತಕ್ಕ ಹೆಡ್‌ಫೋನ್

ರಾತ್ರಿಯ ಊಟ ಮುಗಿದ ಮೇಲೆ ಒಂದು ಗಂಟೆ ಸಂಗೀತ ಕೇಳುವುದು ನಮ್ಮ ತೀರ್ಥರೂಪರ ಬಹುಕಾಲದ ರೂಢಿ. ಪಡಸಾಲೆಯ ಕಪಾಟಿನಲ್ಲಿ ಒಂದು ಹಳೆಯ ಸ್ಟೀರಿಯೋ ಆಂಪ್ಲಿಫೈಯರ್, ಎರಡು ಸ್ಪೀಕರುಗಳು, ಮಲ್ಲಿಕಾರ್ಜುನ ಮನಸೂರರ ಧ್ವನಿಮುದ್ರಿಕೆಗಳು. ಇವಿಷ್ಟು ಅವರ ಆಸ್ತಿ. ಕೆಲವು ವರ್ಷಗಳ ಹಿಂದೆ ಮೊಮ್ಮಗಳು ಹತ್ತನೆಯ ತರಗತಿಗೆ ಬಂದಾಗ, ಆಕೆಯ ಓದಿಗೆ ಅಡ್ಡಿಯಾಗಬಾರದೆಂದು ಅವರು ತಾವಾಗಿಯೇ ಸ್ಪೀಕರು ನಿಲ್ಲಿಸಿದರು. ಅದನ್ನು ನೋಡಲಾರದೆ ನಾವು ಒಂದು ಒಳ್ಳೆಯ ಹೆಡ್‌ಫೋನ್ ತಂದುಕೊಟ್ಟೆವು. ಅದರ ಬೆಲೆಯೇನೂ ಕಡಿಮೆಯದಾಗಿರಲಿಲ್ಲ. ಮೂರು ದಿನ ಕೇಳಿದ ಅವರು ನಾಲ್ಕನೆಯ ದಿನ ಅದನ್ನು ಪೆಟ್ಟಿಗೆಯಲ್ಲಿಟ್ಟು, "ಡಗ್ಗದ ಸದ್ದಷ್ಟೇ ಗುಂಯ್‌ಗುಡುತ್ತದೆ, ಹಾಡಿನ ಮಾತು ತಿಳಿಯುವುದಿಲ್ಲ. ನನ್ನ ಕಿವಿಗೆ ವಯಸ್ಸಾಯಿತು" ಎಂದರು. ನಾವೂ ಅದನ್ನೇ ನಂಬಿದೆವು. ಆರು ತಿಂಗಳು ಮನೆಯಲ್ಲಿ ಸಂಗೀತ ನಿಂತೇಹೋಯಿತು.

ತಪ್ಪು ಅವರ ಕಿವಿಯದಾಗಿರಲಿಲ್ಲ. ಹೆಡ್‌ಫೋನ್ ಕೆಟ್ಟಿರಲಿಲ್ಲ, ಆಂಪ್ಲಿಫೈಯರೂ ಕೆಟ್ಟಿರಲಿಲ್ಲ. ಒಂದಕ್ಕೊಂದು ಹೊಂದದ ಎರಡನ್ನು ನಾವು ಜೋಡಿಸಿದ್ದೆವು, ಅಷ್ಟೇ. ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಒಂದು ಸಂಖ್ಯೆಯನ್ನು ಓದಿದ್ದರೆ ಈ ಪ್ರಮಾದ ತಪ್ಪುತ್ತಿತ್ತು. ಆ ಸಂಖ್ಯೆಯ ವಿಚಾರವನ್ನು ಓದುಗ ಬಾಂಧವರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಓಮ್ ಎಂದರೇನು?

ಹೆಡ್‌ಫೋನಿನ ವಿವರಪಟ್ಟಿಯಲ್ಲಿ 32, 80, 300 ಎಂಬಂತಹ ಒಂದು ಅಂಕಿ ಇರುತ್ತದೆ. ಅದರ ಪಕ್ಕದಲ್ಲಿ ಕುದುರೆಯ ಲಾಳವನ್ನು ಹೋಲುವ ಒಮೆಗಾ ಎಂಬ ಗ್ರೀಕ್ ಅಕ್ಷರವಿರುತ್ತದೆ. ಇದು ಓಮ್ ಎಂಬ ಮಾನದ ಗುರುತು. ವೋಲ್ಟೇಜು, ವಿದ್ಯುತ್ ಪ್ರವಾಹ ಮತ್ತು ರೋಧ ಇವುಗಳ ಸಂಬಂಧವನ್ನು 1827ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಜರ್ಮನಿಯ ಜಾರ್ಜ್ ಸೈಮನ್ ಓಮ್ ಅವರ ಹೆಸರೇ ಈ ಮಾನಕ್ಕೆ ನಿಂತಿದೆ.

ಪರ್ಯಾಯ ವಿದ್ಯುತ್ತಿನ ಹರಿವಿಗೆ ಹೆಡ್‌ಫೋನಿನ ಸುರುಳಿ ಒಡ್ಡುವ ಒಟ್ಟು ತಡೆಯನ್ನು ಇಂಪೀಡೆನ್ಸ್, ಅರ್ಥಾತ್ ಪ್ರತಿಬಾಧೆ ಎನ್ನುತ್ತಾರೆ. ನಲ್ಲಿಯ ನೀರಿನ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಟ್ಯಾಂಕಿನ ಎತ್ತರದಿಂದ ಬರುವ ಒತ್ತಡವೇ ವೋಲ್ಟೇಜು. ಹರಿದುಬರುವ ನೀರೇ ಪ್ರವಾಹ. ಕೊಳವೆಯ ಇಕ್ಕಟ್ಟೇ ಪ್ರತಿಬಾಧೆ. ಇಕ್ಕಟ್ಟಾದ ಕೊಳವೆಗೆ ಹೆಚ್ಚು ಒತ್ತಡ ಬೇಕು. ಅಗಲವಾದ ಕೊಳವೆಗೆ ಕಡಿಮೆ ಒತ್ತಡ ಸಾಕು, ಆದರೆ ನೀರು ಯಥೇಚ್ಛವಾಗಿ ಬೇಕು.

ಲೆಕ್ಕ ಸುಲಭವಾಗಿದೆ. 1 ವೋಲ್ಟ್ ಕೊಟ್ಟಾಗ 32 ಓಮಿನ ಹೆಡ್‌ಫೋನ್ ಸುಮಾರು 31 ಮಿಲಿವಾಟ್ ಶಕ್ತಿಯನ್ನು ಪಡೆಯುತ್ತದೆ. 300 ಓಮಿನದು ಸುಮಾರು 3.3 ಮಿಲಿವಾಟ್ ಮಾತ್ರ. 600 ಓಮಿನದು 2 ಮಿಲಿವಾಟಿಗೂ ಕಡಿಮೆ. ಆದಕಾರಣವೇ ಬ್ಯಾಟರಿಯ ಬಲದಿಂದ ನಡೆಯುವ ಸಣ್ಣ ಯಂತ್ರಗಳಿಗೆ ಕಡಿಮೆ ಓಮಿನವು ಒಪ್ಪುತ್ತವೆ. ಮನೆಯ ಆಂಪ್ಲಿಫೈಯರಿನಲ್ಲಿ ವೋಲ್ಟೇಜಿಗೆ ಬರವಿಲ್ಲ. 1968ರಲ್ಲಿ ಬಂದ ಸೆನ್‌ಹೈಸರ್ ಕಂಪನಿಯ ಎಚ್‌ಡಿ 414 ಎಂಬ ಪ್ರಸಿದ್ಧ ಹೆಡ್‌ಫೋನಿನ ಪ್ರತಿಬಾಧೆ 2000 ಓಮ್ ಇತ್ತು. ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 990 ಎಂಬುದು 32, 250 ಮತ್ತು 600 ಓಮ್ ಎಂಬ ಮೂರು ಬಗೆಗಳಲ್ಲಿ ತಯಾರಾಗಿದೆ. ಅಂಕಿ ದೊಡ್ಡದಾದರೆ ಗುಣ ಹೆಚ್ಚೆಂದು ತಿಳಿಯಬಾರದು. ಅದು ಬಳಕೆಯ ಸ್ಥಳವನ್ನು ಸೂಚಿಸುತ್ತದೆ, ಯೋಗ್ಯತೆಯನ್ನಲ್ಲ.

ಆಂಪ್ಲಿಫೈಯರಿನ ಒಳಗುಟ್ಟು

ಹೆಡ್‌ಫೋನಿಗೆ ಇರುವಂತೆ ಆಂಪ್ಲಿಫೈಯರಿನ ಹೆಡ್‌ಫೋನ್ ರಂಧ್ರಕ್ಕೂ ತನ್ನದೇ ಆದ ಒಳರೋಧವಿದೆ. ನಾವು ಮರೆಯುವುದು ಇದನ್ನೇ. ಹಳೆಯ ಆಂಪ್ಲಿಫೈಯರುಗಳಲ್ಲಿ ಬಹಳಷ್ಟಕ್ಕೆ ಹೆಡ್‌ಫೋನಿಗೆಂದು ಪ್ರತ್ಯೇಕ ಮಂಡಲವಿರುವುದಿಲ್ಲ. ಸ್ಪೀಕರಿಗೆ ಹೋಗುವ ವಿದ್ಯುತ್ತನ್ನೇ ಕೆಲವು ನೂರು ಓಮಿನ ರೆಸಿಸ್ಟರಿನ ಮೂಲಕ ಹಾಯಿಸಿ ರಂಧ್ರಕ್ಕೆ ಕೊಟ್ಟಿರುತ್ತಾರೆ. ಸ್ಪೀಕರಿನ ಭಾರೀ ಶಕ್ತಿಯಿಂದ ಹೆಡ್‌ಫೋನನ್ನೂ ಕಿವಿಯನ್ನೂ ಕಾಪಾಡುವುದಕ್ಕೆ ಇದು ಅಗ್ಗದ ಉಪಾಯ. ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗದ 1996ರ ಮಾನಕವು ಈ ಒಳರೋಧಕ್ಕೆ 120 ಓಮನ್ನು ಸೂಚಿಸಿತ್ತು. ಈಚಿನ ಪ್ರತ್ಯೇಕ ಹೆಡ್‌ಫೋನ್ ಆಂಪ್ಲಿಫೈಯರುಗಳಲ್ಲಿ ಅದು 1 ಅಥವಾ 2 ಓಮಿಗೂ ಇಳಿದಿರುವುದುಂಟು.

ಒಳರೋಧ ಹೆಚ್ಚಿದ್ದರೆ ಏನಾಗುತ್ತದೆ? ಪೆಟ್ಟಿಗೆಯ ಮೇಲೆ 32 ಓಮ್ ಎಂದಿದ್ದರೂ ಸಾಮಾನ್ಯ ಹೆಡ್‌ಫೋನಿನ ಪ್ರತಿಬಾಧೆ ಎಲ್ಲ ಸ್ವರಗಳಿಗೂ ಒಂದೇ ಆಗಿರುವುದಿಲ್ಲ. ಮಂದ್ರ ಧ್ವನಿಯ ಒಂದೆಡೆ ಅದು ಏರುತ್ತದೆ. 70 ಓಮ್ ಆಗುತ್ತದೆಂದು ಇಟ್ಟುಕೊಳ್ಳೋಣ. ನಮ್ಮ ಆಂಪ್ಲಿಫೈಯರಿನ ಒಳರೋಧ 330 ಓಮ್ ಇತ್ತು. ಇಂತಹ ಜೋಡಿಯಲ್ಲಿ ಮಂದ್ರ ಧ್ವನಿಗೆ ಉಳಿದ ಧ್ವನಿಗಳಿಗಿಂತ ಹೆಚ್ಚುಕಡಿಮೆ ಇಮ್ಮಡಿ ವೋಲ್ಟೇಜು ದೊರೆಯುತ್ತದೆ. ಅಂದರೆ ಸುಮಾರು 6 ಡೆಸಿಬಲ್ ಏರಿಕೆ. ಒಳರೋಧ 1 ಓಮ್ ಇದ್ದಿದ್ದರೆ ಈ ವ್ಯತ್ಯಾಸ ಕಿವಿಗೆ ತಿಳಿಯುತ್ತಲೇ ಇರಲಿಲ್ಲ. ಅಲ್ಲದೆ, ತೂಗಿಬಿಟ್ಟ ತೊಟ್ಟಿಲನ್ನು ಕೈ ಹಿಡಿದು ನಿಲ್ಲಿಸುವಂತೆ, ಕಂಪಿಸುವ ಪರದೆಯನ್ನು ನಿಲ್ಲಿಸುವ ಹಿಡಿತವೂ ಹೆಚ್ಚಿನ ಒಳರೋಧದಿಂದ ಸಡಿಲಗೊಳ್ಳುತ್ತದೆ. ಡಗ್ಗ ಗುಂಯ್‌ಗುಟ್ಟಿ ಹಾಡಿನ ಮಾತನ್ನು ಮುಚ್ಚಿಹಾಕಿದ್ದು ಹೀಗೆ.

ಎಂಟರಲ್ಲಿ ಒಂದು ಪಾಲು

ಇದಕ್ಕೆ ಬಲ್ಲವರು ಒಂದು ಸೂತ್ರ ಹೇಳುತ್ತಾರೆ: ಆಂಪ್ಲಿಫೈಯರಿನ ಒಳರೋಧವು ಹೆಡ್‌ಫೋನಿನ ಪ್ರತಿಬಾಧೆಯ ಎಂಟನೆಯ ಒಂದು ಭಾಗವನ್ನು ಮೀರಬಾರದು. 32 ಓಮಿನ ಹೆಡ್‌ಫೋನಿಗೆ 4 ಓಮ್, 80 ಓಮಿನದಕ್ಕೆ 10 ಓಮ್, 300 ಓಮಿನದಕ್ಕೆ ಸುಮಾರು 37 ಓಮ್ ಮಿತಿ. ಈ ಮಿತಿ ದಾಟಿದರೆ ಯಂತ್ರ ಕೆಡುವುದಿಲ್ಲ, ಧ್ವನಿಯ ಬಣ್ಣ ಬದಲಾಗುತ್ತದೆ. ಹೆಚ್ಚು ಓಮಿನ ಹೆಡ್‌ಫೋನಿನಲ್ಲಿ ಈ ಬದಲಾವಣೆ ಕಡಿಮೆ. ನಮ್ಮ ಆಂಪ್ಲಿಫೈಯರಿಗೆ, ಮಂದ್ರದಲ್ಲಿ 500 ಓಮಿಗೆ ಏರುವ 300 ಓಮಿನ ಹೆಡ್‌ಫೋನ್ ಜೋಡಿಸಿದ್ದರೆ ಏರಿಕೆ 2 ಡೆಸಿಬಲ್ಲಿನಷ್ಟೇ ಆಗುತ್ತಿತ್ತು. ಪ್ಲೇನರ್ ಮ್ಯಾಗ್ನೆಟಿಕ್ ಎಂಬ ಬಗೆಯವುಗಳ ಪ್ರತಿಬಾಧೆ ಎಲ್ಲ ಸ್ವರಗಳಿಗೂ ಬಹುತೇಕ ಸಮವಾಗಿರುವುದರಿಂದ ಅವುಗಳಿಗೆ ಈ ಬಾಧೆ ತಟ್ಟುವುದಿಲ್ಲ.

ಒಳರೋಧವನ್ನು ಕೈಪಿಡಿಯಲ್ಲಿ ಮುದ್ರಿಸದಿದ್ದರೆ ಅಳೆಯಬಹುದು. ನಮ್ಮಲ್ಲಿ ರೇಡಿಯೋ ದುರಸ್ತಿ ಬಲ್ಲ ಆಪ್ತರೊಬ್ಬರು ಈ ಕೆಲಸ ಮಾಡಿಕೊಟ್ಟರು. 50 ಹರ್ಟ್ಸಿನ ಒಂದೇ ಸಮನಾದ ಧ್ವನಿಯನ್ನು ನುಡಿಸಿ, ಹೆಡ್‌ಫೋನ್ ರಂಧ್ರದ ವೋಲ್ಟೇಜನ್ನು ಮಲ್ಟಿಮೀಟರಿನಿಂದ ನೋಡಿದರು. 1 ವೋಲ್ಟ್ ಇತ್ತು. ಬಳಿಕ 33 ಓಮಿನ ರೆಸಿಸ್ಟರ್ ಜೋಡಿಸಿದರು, ವೋಲ್ಟೇಜು 0.09ಕ್ಕೆ ಕುಸಿಯಿತು. ಕುಸಿದ ಮೊತ್ತವನ್ನು ಉಳಿದ ಮೊತ್ತದಿಂದ ಭಾಗಿಸಿ 33ರಿಂದ ಗುಣಿಸಿದರೆ ಒಳರೋಧ ಸಿಕ್ಕಿತು. ತಿಳಿದವರ ನೆರವಿಲ್ಲದೆ ಇದನ್ನು ಮಾಡತಕ್ಕದ್ದಲ್ಲ.

ಕೊಳ್ಳುವ ಮುನ್ನ

ಮೊದಲು ಮನೆಯಲ್ಲಿರುವ ಆಂಪ್ಲಿಫೈಯರನ್ನು ಅರಿಯಿರಿ, ಆಮೇಲೆ ಅಂಗಡಿಗೆ ಹೋಗಿ. ಅದು ಹಳೆಯದಾಗಿದ್ದರೆ 250 ಓಮ್ ಅಥವಾ ಅದಕ್ಕೆ ಮೇಲ್ಪಟ್ಟದ್ದು ಕ್ಷೇಮ. ಒಳರೋಧ ಕಡಿಮೆಯಿದ್ದರೆ ಕಡಿಮೆ ಓಮಿನದೂ ಸಲ್ಲುತ್ತದೆ. ಓಮಿನೊಂದಿಗೆ ಸಂವೇದನಶೀಲತೆಯ ಅಂಕಿಯನ್ನೂ ನೋಡಿ. 1 ಮಿಲಿವಾಟಿಗೆ 90 ಡೆಸಿಬಲ್ ಕೊಡುವ ಹೆಡ್‌ಫೋನಿಗೆ, 100 ಡೆಸಿಬಲ್ ಕೊಡುವುದರ ಸಮಕ್ಕೆ ನುಡಿಯಲು ಹತ್ತುಪಟ್ಟು ಶಕ್ತಿ ಬೇಕು. ಬ್ಲೂಟೂತ್ ಹೆಡ್‌ಫೋನುಗಳನ್ನು ತಂತಿಯಿಲ್ಲದೆ ಬಳಸುವಾಗ ಈ ಚಿಂತೆಯಿಲ್ಲ, ಆಂಪ್ಲಿಫೈಯರ್ ಅವುಗಳ ಒಳಗೇ ಇರುತ್ತದೆ. ಹೆಡ್‌ಫೋನನ್ನು ಸ್ಪೀಕರಿನ ತಂತಿಗಳಿಗೆ ಎಂದೂ ಜೋಡಿಸಬೇಡಿ. ಧ್ವನಿಯ ತಿರುಪನ್ನು ಸೊನ್ನೆಗೆ ಇಳಿಸಿದ ಮೇಲೆಯೇ ಕಿವಿಗೆ ಏರಿಸಿ.

ಮಾತು ಸ್ಪಷ್ಟವಾಗದಿದ್ದಾಗ ಧ್ವನಿಯನ್ನು ಏರಿಸುತ್ತಾ ಹೋಗುವುದು ಮನುಷ್ಯಸಹಜ. ಅಪಾಯವಿರುವುದೂ ಅಲ್ಲಿಯೇ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ 80 ಡೆಸಿಬಲ್ಲಿನಲ್ಲಿ 40 ಗಂಟೆಯ ಮಿತಿಯನ್ನು ಹೇಳಿದೆ. 3 ಡೆಸಿಬಲ್ ಏರಿಸಿದರೆ ಈ ಅವಧಿ ಅರ್ಧಕ್ಕೆ ಇಳಿಯುತ್ತದೆ.

ನಾವು ಹೊಸ ಹೆಡ್‌ಫೋನ್ ಕೊಳ್ಳಲಿಲ್ಲ. ಒಳರೋಧ ಕಡಿಮೆಯಿರುವ ಚಿಕ್ಕ ಹೆಡ್‌ಫೋನ್ ಆಂಪ್ಲಿಫೈಯರೊಂದನ್ನು ತಂದು, ಹಳೆಯದರ ಬೆನ್ನಿಗಿದ್ದ ಟೇಪ್ ರೆಕಾರ್ಡರಿನ ರಂಧ್ರಕ್ಕೆ ಜೋಡಿಸಿದೆವು. ಪೆಟ್ಟಿಗೆ ಸೇರಿದ್ದ ಹೆಡ್‌ಫೋನೇ ಹೊರಬಂತು. ತೀರ್ಥರೂಪರು ಕಣ್ಣುಮುಚ್ಚಿ ಕುಳಿತು ಒಂದು ರಾಗ ಮುಗಿಯುವವರೆಗೂ ಮಾತನಾಡಲಿಲ್ಲ. ಅನಂತರ, "ತಂಬೂರಿಯ ತಂತಿ ಎಣಿಸಬಹುದು" ಎಂದರು.

ಮನೆಯ ಹಿರಿಯರು ಕೇಳಿಸುವುದಿಲ್ಲವೆಂದಾಗ ವೈದ್ಯರಲ್ಲಿ ಕಿವಿಯನ್ನು ಪರೀಕ್ಷಿಸಬೇಕು, ನಿಜ. ಅದರೊಂದಿಗೆ, ಅವರು ಕೇಳುತ್ತಿರುವ ಯಂತ್ರವನ್ನೂ ಪರೀಕ್ಷಿಸಬೇಕು. ಆರು ತಿಂಗಳು ತಡವಾಗಿ ನಾವು ಕಲಿತ ಪಾಠವಿದು.