ಗ್ರಾಮಸಭೆಯೂ ಗಣಕಯಂತ್ರವೂ

ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರು ಕಾವೇರೀತೀರದ ಗ್ರಾಮ. 2019ರ ಆಗಸ್ಟ್ ತಿಂಗಳಲ್ಲಾದಂತೆ ಹೊಳೆ ಉಕ್ಕಿಬಂದಾಗ ದಾಸನಪುರ, ಹಳೇ ಹಂಪಾಪುರ, ಹರಳೆ ಮೊದಲಾದ ನೆರೆಯೂರುಗಳೊಡನೆ ಪ್ರವಾಹಕ್ಕೆ ಈಡಾಗುವ ಇಂತಹ ಊರಿನಲ್ಲಿ, ಯಾರ ಗೋಡೆ ಕುಸಿದಿದೆ, ಹೊಸ ಮನೆ ಮೊದಲು ಯಾರಿಗೆ ಮಂಜೂರಾಗಬೇಕು ಎಂಬುದು ಹತ್ತು ಜನರ ಎದುರಿನಲ್ಲಿ, ಅವರ ಸಮ್ಮತಿಯಿಂದಲೇ ನಿಶ್ಚಯವಾಗತಕ್ಕದ್ದು; ಅದಕ್ಕಾಗಿ ಶಾಸನವು ಏರ್ಪಡಿಸಿದ ಪೀಠವೇ ಗ್ರಾಮಸಭೆ.

ಸಂವಿಧಾನದ 243ಎ ಅನುಚ್ಛೇದದಿಂದ ಮಾನ್ಯತೆ ಪಡೆದ ಈ ಸಭೆ, 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಂತೆ ಆರು ತಿಂಗಳಿಗೊಮ್ಮೆಯಾದರೂ ಸೇರತಕ್ಕದ್ದು. ಮತದಾರರಲ್ಲಿ ಹತ್ತನೆಯ ಒಂದು ಪಾಲು ಅಥವಾ ನೂರು ಮಂದಿ, ಇವೆರಡರಲ್ಲಿ ಕಡಮೆಯಾದಷ್ಟು ಜನ ನೆರೆಯದೆ ಕೋರಂ ಆಗದು. ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕ ಕೈಯಿಂದ ಕೈಗೆ ಸಾಗುವುದು. ಸಹಿ ಬಾರದ ಮುದುಕಿಯೊಬ್ಬಳು ಶಾಯಿಯ ಪ್ಯಾಡಿಗೆ ಹೆಬ್ಬೆಟ್ಟನ್ನೊತ್ತಿ, ಹಾಳೆಯ ಮೇಲೆ ಮೆಲ್ಲನೆ ಹೊರಳಿಸಿ, ಉಳಿದ ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳುವಾಗ, ಆ ನೀಲಿಯ ಗುರುತು 'ನಾನೂ ಇದ್ದೆ, ನಾನೂ ಕೇಳಿದೆ' ಎಂಬುದಕ್ಕೆ ಸಾಕ್ಷಿಯಾಗುವುದು.

ಇಂದು ಆ ಪುಸ್ತಕದ ಪಕ್ಕದಲ್ಲಿ ಗಣಕಯಂತ್ರ ಬಂದು ಕುಳಿತಿದೆ. ಪಂಚಾಯತಿಗಳ ಲೆಕ್ಕಪತ್ರಗಳಿಗಾಗಿ ರಾಜ್ಯದ 'ಪಂಚತಂತ್ರ' ತಂತ್ರಾಂಶವುಂಟು. ಕೇಂದ್ರವು 2020ರ ಏಪ್ರಿಲ್ 24ರಂದು ಆರಂಭಿಸಿದ 'ಇ-ಗ್ರಾಮ್‌ಸ್ವರಾಜ್' ಉಂಟು. ಸಭೆಯ ಮಾತುಗಳನ್ನು ಆಲಿಸಿ ತಾನೇ ನಡಾವಳಿ ಬರೆಯುವ 'ಸಭಾಸಾರ್' 2025ರ ಆಗಸ್ಟಿನಲ್ಲಿ ಬಂದಿದೆ. ಇವು ಸ್ವಾಗತಾರ್ಹವೇ ಸರಿ: ಕೂಲಿಗೆಂದು ಬೆಂಗಳೂರಿಗೆ ಹೋದ ಮಗನೂ ತನ್ನ ಊರಿನ ಲೆಕ್ಕವನ್ನು ಅಂಗೈಯಲ್ಲಿ ನೋಡಬಲ್ಲನು.

ಆದರೆ ಅವನು ಅಲ್ಲಿಂದಲೇ ಮೊಬೈಲಿನಲ್ಲಿ ಕಳುಹಿಸಿದ ಅಹವಾಲಿಗೆ ಸಭೆಯಲ್ಲಿ ಸ್ಥಾನವೇನು? 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮವು ತನ್ನ 4ನೆಯ ಪ್ರಕರಣದಲ್ಲಿ ವಿದ್ಯುನ್ಮಾನ ದಾಖಲೆಗೆ ಮಾನ್ಯತೆಯನ್ನು ಕೊಡುತ್ತದಾದರೂ, ದಾಖಲೆಯನ್ನು ಆ ರೂಪದಲ್ಲಿಯೇ ಸ್ವೀಕರಿಸಬೇಕೆಂದು ಸರ್ಕಾರಿ ಕಚೇರಿಯನ್ನು ಒತ್ತಾಯಿಸುವ ಹಕ್ಕು ಆ ಅಧಿನಿಯಮದಿಂದ ಪ್ರಜೆಗೆ ಬಾರದೆಂದು 9ನೆಯ ಪ್ರಕರಣದಲ್ಲಿ ಸ್ಪಷ್ಟಪಡಿಸುತ್ತದೆ. ಹೀಗಾಗಿ ಆಡಳಿತಕ್ಕೆ ಸೌಕರ್ಯವಾದ ಯಂತ್ರವು ಪ್ರಜೆಗೆ ಅಧಿಕಾರವಾಗಿ ಪರಿಣಮಿಸಿಲ್ಲ.

ಆದುದರಿಂದ ಪಂಚಾಯತ್ ಶಾಸನವೇ ಈ ಕೊರತೆಯನ್ನು ತುಂಬತಕ್ಕದ್ದು. ಮೊಬೈಲಿನಿಂದ ಬಂದ ಪ್ರತಿಯೊಂದು ಅಹವಾಲಿಗೂ ಸ್ವೀಕೃತಿ ಸಂಖ್ಯೆ ದೊರೆಯಲಿ, ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಲಿ; ಯಂತ್ರ ಬರೆದ ನಡಾವಳಿಯನ್ನು ಸಹಿಗೆ ಮುನ್ನ ಜನರಿಗೆ ಕನ್ನಡದಲ್ಲಿ ಓದಿಹೇಳಲಿ; ಕೋರಂ ಮಾತ್ರ ನೆರೆದ ಜನರಿಂದಲೇ ಆಗಲಿ. ದೂರದಲ್ಲಿರುವ ಮಗನ ಮಾತು ಸಭೆಯನ್ನು ಮುಟ್ಟಬೇಕು. ಫೋನಿಲ್ಲದ ತಾಯಿಯ ಹೆಬ್ಬೆಟ್ಟಿನ ಬೆಲೆ ಅದರಿಂದ ಎಳ್ಳಷ್ಟೂ ಕುಂದಬಾರದು.